ತಾಳೆಯಾಗದ ಎರಡು ಕಣ್ಣುಗಳು

ಚಿಕ್ಕಂದಿನಿಂದಲೂ ನನಗೆ ಆಟವೆಂದರೆ ಪ್ರಾಣ. ಆದರೆ ಕ್ರಿಕೆಟ್‌ನಲ್ಲಿ ಗೆಳೆಯರು ನನ್ನನ್ನು ಕ್ಯಾಚ್ ಬರುವ ಕಡೆ ನಿಲ್ಲಿಸುತ್ತಿರಲಿಲ್ಲ. ಹೆಚ್ಚಾಗಿ ಸ್ಕೋರ್ ಬರೆಯುವ ಕೆಲಸ ನನ್ನದೇ. "ಇವ ಕಾಮರ್ಸ್‌ಗೇ ಹುಟ್ಟ್ಯಾನ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಾಗವಾಡದಲ್ಲಿ ನಮ್ಮ ಅಬ್ಬಾನ ಹೊಲಿಗೆ ಅಂಗಡಿಯಿದೆ. ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು ಅವರು ನನ್ನನ್ನೇ ಕರೆಯುತ್ತಾರೆ. ನಾಲ್ಕೈದು ಸಲ ತಪ್ಪಿದರೆ "ಧ್ಯಾನ್ ಕಿಧರ್ ಹೈ ತೇರಾ?" ಎಂದು ಗದರುತ್ತಿದ್ದರು. ನನಗೆ ಗಮನ ಕಡಿಮೆ ಎಂದು ನಾನೂ ನಂಬಿಬಿಟ್ಟಿದ್ದೆ.

ಕಳೆದ ರಂಜಾನ್ ಹಬ್ಬಕ್ಕೆ ನಿಪ್ಪಾಣಿಯ ಮಾಮುವಿನ ಮನೆಗೆ ಹೋಗಿದ್ದೆವು. ಮಾಮುವಿನ ದೊಡ್ಡ ಮಗ ದುಬೈಯಲ್ಲಿ ಕೆಲಸ ಮಾಡುತ್ತಾರೆ. ಭಾಯಿಜಾನ್ ಈ ಸಲ ಕ್ವೆಸ್ಟ್ 2 ಎಂಬ ವಿಆರ್ ಹೆಡ್‌ಸೆಟ್ ತಂದಿದ್ದರು. ಶೀರ್‌ಖುರ್ಮಾ ಬಟ್ಟಲು ಬಿಟ್ಟು ಮಕ್ಕಳೆಲ್ಲ ಅದರ ಸುತ್ತ ಸೇರಿದರು.

ಅದನ್ನು ಮುಖಕ್ಕೆ ಕಟ್ಟಿಕೊಂಡರೆ ಒಳಗೆ ಎರಡು ಮಸೂರಗಳು. ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆಯಾದ ಎರಡು ಚಿತ್ರಗಳು. ಮೆದುಳು ಅವೆರಡನ್ನೂ ಕೂಡಿಸಿ ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ. ಯಂತ್ರ ಹೊಸದಾದರೂ ಉಪಾಯ ಹಳೆಯದು. 1838ರಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಎರಡು ಚಿತ್ರ, ಎರಡು ಕನ್ನಡಿ ಇಟ್ಟು ಇದನ್ನು ತೋರಿಸಿದ್ದರು.

ಭಾಯಿಜಾನ್ ಹೈದರಾಬಾದಿನ ಕಂಪನಿಯೊಂದು ಮಾಡಿದ ಐಬಿ ಕ್ರಿಕೆಟ್ ಹಾಕಿದರು. ಚೆಂಡು ಬಂದಾಗ ಉಳಿದವರೆಲ್ಲ ಬೆಚ್ಚಿ ತಲೆ ಬಗ್ಗಿಸಿದರು. ನಾನು ಬೆಚ್ಚಲಿಲ್ಲ. ಮೊಬೈಲಿನಲ್ಲಿ ನೋಡಿದ ಹಾಗೇ ಇತ್ತು. ಬ್ಯಾಟ್ ಬೀಸಿದೆ, ಚೆಂಡು ಆಗಲೇ ಹೋಗಿತ್ತು. ಹತ್ತು ನಿಮಿಷದಲ್ಲಿ ತಲೆ ಭಾರವಾಯಿತು.

"ಮಸೂರದ ಅಂತರ ಸರಿ ಇಲ್ಲವೇನೋ" ಎಂದರು ಭಾಯಿಜಾನ್. ಅದರಲ್ಲಿ 58, 63, 68 ಮಿಲಿಮೀಟರ್ ಎಂದು ಮೂರು ಅಳತೆಗಳಿವೆ. ಮೂರನ್ನೂ ಬದಲಿಸಿ, "ಒಂದೊಂದೇ ಕಣ್ಣು ಮುಚ್ಚಿ ನೋಡು" ಎಂದರು. ಬಲಗಣ್ಣು ಮುಚ್ಚಿದೆ. ಮೈದಾನ, ಸ್ಟಂಪು, ಅಂಕಿಗಳು ಎಲ್ಲ ನೀರಲ್ಲಿ ಕಲಸಿದ ಬಣ್ಣದಂತಾದವು. ಜುಬ್ಬಾದ ಅಂಚಿನಿಂದ ಮಸೂರ ಒರೆಸಿದೆ. ಅಷ್ಟೇ.

"ನಿಮಗೆ ಎಡಗಣ್ಣಲ್ಲೂ ಸ್ಪಷ್ಟ ಕಾಣುತ್ತದಾ?" ಎಂದು ಕೇಳಿದೆ.

"ಎರಡರಲ್ಲೂ ಒಂದೇ ಥರ. ಏಕೆ?"

"ಸುಮ್ಮನೆ" ಎಂದು ಹೆಡ್‌ಸೆಟ್ ಕೊಟ್ಟುಬಿಟ್ಟೆ.

ನನ್ನ ಎಡಗಣ್ಣು ಮಸುಕು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎಡಗೈ ಬರವಣಿಗೆ ಎಲ್ಲರದೂ ಸೊಟ್ಟಗಿರುವಂತೆ ಎಡಗಣ್ಣೂ ಎಲ್ಲರದೂ ಹಾಗೇ ಎಂದುಕೊಂಡಿದ್ದೆ. ಪ್ರಾಥಮಿಕ ಶಾಲೆಯಲ್ಲಿ ಕಣ್ಣು ತಪಾಸಣೆ ಆದಾಗ ಬೆರಳ ಸಂದಿಯಿಂದ ಬಲಗಣ್ಣಲ್ಲಿ ನೋಡಿ ಓದಿದ್ದೆ. ಪರೀಕ್ಷೆಯಲ್ಲಿ ಪಾಸಾದೆ ಎಂಬ ಖುಷಿಯೂ ಆಗಿತ್ತು.

ಆ ಮೇಲೆ ಎರಡು ತಿಂಗಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಖರ್ಚಿನ ಹೆದರಿಕೆ, ಜೊತೆಗೆ ನಾಚಿಕೆ. ಆದರೆ ಒಂದನೇ ತರಗತಿಯಲ್ಲಿರುವ ತಂಗಿ ಪುಸ್ತಕವನ್ನು ಓರೆಯಾಗಿ ಹಿಡಿಯುವುದನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಒಂದು ಸಂಜೆ ಅಂಗಡಿಯಲ್ಲಿ ಅವಳ ಒಂದು ಕಣ್ಣನ್ನು ನನ್ನ ಅಂಗೈಯಿಂದ, ಸಂದಿ ಬಿಡದೆ ಮುಚ್ಚಿ, ಅಳತೆ ಟೇಪಿನ ಅಂಕಿ ಓದಲು ಹೇಳಿದೆ. ಒಂದು ಕಣ್ಣಲ್ಲಿ ಪಟಪಟನೆ ಓದಿದಳು. ಇನ್ನೊಂದರಲ್ಲಿ, "ಭೈಯಾ, ಕುಛ್ ನೈ ದಿಖ್ ರಹಾ" ಎಂದಳು. ಅಬ್ಬಾ ಮಷಿನ್ ತುಳಿಯುವುದನ್ನು ನಿಲ್ಲಿಸಿದರು. ಆಗ ನನ್ನದನ್ನೂ ಹೇಳಿದೆ. ಅವರು ಬೈಯಲಿಲ್ಲ. ಸೂಜಿಯ ಮಾತನ್ನೂ ಎತ್ತಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಮರುದಿನವೇ ಮೂವರೂ ಮೀರಜ್‌ಗೆ ಹೋದೆವು. ಡಾಕ್ಟರ್ ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ, ರೂಢಿಯಲ್ಲಿ ಸೋಮಾರಿ ಕಣ್ಣು. ಒಂದು ಕಣ್ಣಿನ ನಂಬರು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಮೆದುಳು ಮಸುಕಾದ ಚಿತ್ರವನ್ನು ಬಿಟ್ಟುಬಿಡುವುದನ್ನು ಕಲಿಯುತ್ತದೆ. ಹೊರಗಿಂದ ಕಣ್ಣು ಸರಿಯಾಗೇ ಕಾಣುತ್ತದೆ, ಮಗುವೂ ದೂರುವುದಿಲ್ಲ. ನನಗೆ ಅಕೌಂಟೆನ್ಸಿ ನೆನಪಾಯಿತು. ತಾಳೆಪಟ್ಟಿಯ ಎರಡು ಬದಿ ಕೂಡದಿದ್ದರೆ ನಾವು ತಪ್ಪು ಹುಡುಕುತ್ತೇವೆ. ನನ್ನ ಮೆದುಳು ಒಂದು ಬದಿಯನ್ನೇ ಅಳಿಸಿ ಲೆಕ್ಕ ಮುಗಿಸಿತ್ತು.

ಏಳೆಂಟು ವರ್ಷದೊಳಗೆ ಗೊತ್ತಾದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದಂತೆ. ತಂಗಿಗೆ ಕನ್ನಡಕ, ಜೊತೆಗೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ. ನನಗೆ ಕನ್ನಡಕ. ನನ್ನ ವಯಸ್ಸಿಗೆ ಎಷ್ಟು ಸುಧಾರಿಸುತ್ತದೆಂದು ಡಾಕ್ಟರ್ ಭರವಸೆ ಕೊಡಲಿಲ್ಲ, ಪ್ರಯತ್ನ ಬೇಡವೆಂದೂ ಹೇಳಲಿಲ್ಲ.

ವಿಚಿತ್ರವೆಂದರೆ, ನನ್ನ ಕೊರತೆ ತೋರಿಸಿದ ಯಂತ್ರವೇ ಈಗ ಔಷಧಿಯೂ ಆಗುತ್ತಿದೆ. ಲುಮಿನೋಪಿಯಾ ಎಂಬ ಹೆಡ್‌ಸೆಟ್ ಚಿಕಿತ್ಸೆಗೆ 2021ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಗ ಒಪ್ಪಿಗೆ ಸಿಕ್ಕಿದ್ದು 4ರಿಂದ 7 ವರ್ಷದ ಮಕ್ಕಳಿಗೆ. ಮಕ್ಕಳು ಅದರಲ್ಲಿ ಕಾರ್ಟೂನಿನಂಥ ಕಾರ್ಯಕ್ರಮ ನೋಡುತ್ತಾರೆ. ಬಲವಾದ ಕಣ್ಣಿನ ಚಿತ್ರವನ್ನು ಮಂಕಾಗಿಸಿ, ಸೋಮಾರಿ ಕಣ್ಣನ್ನು ಕೆಲಸಕ್ಕೆ ಹಚ್ಚುತ್ತಾರೆ. ನಮ್ಮ ಮನೆಗೆ ಸದ್ಯಕ್ಕೆ ಪಟ್ಟಿಯೇ ಸಾಕು.

ಬಕ್ರೀದ್‌ಗೆ ನಿಪ್ಪಾಣಿಗೆ ಹೋದಾಗ ಮತ್ತೆ ಆಡಿದೆ. ಹೆಡ್‌ಸೆಟ್ ಜೊತೆಗೆ ಬರುವ ಬಿಡಿಭಾಗ ಹಾಕಿದರೆ ಒಳಗೆ ಕನ್ನಡಕಕ್ಕೂ ಜಾಗವಾಗುತ್ತದೆ. ಕ್ರಿಕೆಟ್ ಇನ್ನೂ ಒಗ್ಗಿಲ್ಲ. ಮಿನಿ ಗಾಲ್ಫ್ ಇಷ್ಟವಾಯಿತು. ಅದರಲ್ಲಿ ಚೆಂಡು ನಾನು ಹೊಡೆಯುವವರೆಗೆ ಕಾಯುತ್ತದೆ.

ತಂಗಿಗೆ ಪಟ್ಟಿ ಹಾಕಿಕೊಳ್ಳಲು ಬೇಜಾರು. ಅದಕ್ಕೆ ನಾನೂ ನನ್ನ ಕನ್ನಡಕದ ಬಲಗಾಜಿಗೆ ಕಾಗದ ಅಂಟಿಸಿಕೊಂಡು ಅವಳ ಎದುರು ಕೂರುತ್ತೇನೆ. ಇಬ್ಬರೂ ಮಣಿ ಪೋಣಿಸುತ್ತೇವೆ. ದಿನಾ ಅವಳೇ ಗೆಲ್ಲುತ್ತಾಳೆ. ಸ್ಕೋರ್ ಬರೆಯುವವನು ಈಗಲೂ ನಾನೇ.

ಗೆಳೆಯರೇ, ಇಂದು ಮನೆಗೆ ಹೋಗಿ ತಮ್ಮ ತಂಗಿಯರ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ಬೆರಳ ಸಂದಿ ಮಾತ್ರ ಬಿಡಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ