ಮಜ್ಜಿಗೆಯಂಥ ದ್ರಾವಣ

ಎರಡು ದಿನದಿಂದ ಸ್ಟೆಫನಿ ಕ್ವೊಲೆಕ್ ಅವರದೇ ಗುಂಗು. ಅಮೆರಿಕದ ಈ ರಸಾಯನ ವಿಜ್ಞಾನಿಗೆ ಡಾಕ್ಟರಾಗುವ ಆಸೆಯಿತ್ತು. ಓದಿಗೆ ದುಡ್ಡು ಬೇಕಲ್ಲ, ಸ್ವಲ್ಪ ದಿನ ದುಡಿಯೋಣವೆಂದು 1946ರಲ್ಲಿ ಡುಪಾಂಟ್ ಕಂಪನಿ ಸೇರಿದರು. ನಲವತ್ತು ವರ್ಷ ಅಲ್ಲೇ ಉಳಿದರು.

1965. ಟೈರಿಗೆ ಹಗುರವಾದ, ಗಟ್ಟಿಯಾದ ನೂಲು ಹುಡುಕುವ ಕೆಲಸ. ಪಾಲಿಮರ್ ದ್ರಾವಣವೆಂದರೆ ಸಾಮಾನ್ಯವಾಗಿ ಜೋನಿಬೆಲ್ಲದ ಹಾಗೆ ಮಂದ, ಆದರೆ ತಿಳಿ. ಇವರಿಗೆ ಸಿಕ್ಕಿದ್ದು ಮಜ್ಜಿಗೆಯಂತೆ ತೆಳ್ಳಗೆ, ಮಬ್ಬು ಮಬ್ಬು. ಕೆಟ್ಟುಹೋಯಿತೆಂದು ಚೆಲ್ಲಿಬಿಡಬಹುದಿತ್ತು. ನೂಲು ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವರೂ ಅದರ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆಂದು ಮೊದಲು ಒಪ್ಪಲೇ ಇಲ್ಲ. ಕ್ವೊಲೆಕ್ ಸೋಸಿ ನೋಡಿದರು, ಮಬ್ಬು ಹೋಗಲಿಲ್ಲ. ಬಿಡದೆ ಕೇಳಿ ಕೇಳಿ ಒಪ್ಪಿಸಿದರು. ಬಂದ ಎಳೆಯ ಬಲ ಅಳೆದಾಗ ಅವರಿಗೇ ನಂಬಿಕೆ ಬರಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದ ಮೇಲೇ ಬಾಯಿಬಿಟ್ಟರು. ನನಗೆ ತುಂಬ ಹಿಡಿಸಿದ್ದು ಈ ತಾಳ್ಮೆ.

ಆ ಮಬ್ಬು ದ್ರವಸ್ಫಟಿಕದ್ದು. ಕಡ್ಡಿಯಂಥ ಅಣುಗಳು ದ್ರಾವಣದಲ್ಲೇ ಒಂದರ ಪಕ್ಕ ಒಂದು ಸಾಲುಗಟ್ಟಿದ್ದವು. ನೂಲು ಎಳೆದಾಗ ಆ ಸಾಲು ಎಳೆಯುದ್ದಕ್ಕೂ ನೆಟ್ಟಗೆ ನಿಂತಿತು. ಅದರ ಬೆನ್ನಿಗೇ ಬಂದದ್ದು ಕೆವ್ಲಾರ್ ಎಂಬ ನೂಲು, ಅಷ್ಟೇ ತೂಕದ ಉಕ್ಕಿಗಿಂತ ಐದು ಪಟ್ಟು ಬಲ.

ಪೇಟೆಂಟನ್ನು ಅವರು ಕಂಪನಿಗೇ ಬರೆದುಕೊಟ್ಟರು. 2014ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಕೆವ್ಲಾರಿನಿಂದ ಮಾಡಿದ, ಗುಂಡು ತಡೆಯುವ ಜಾಕೆಟ್ ತೊಟ್ಟವರನ್ನು ಎಲ್ಲಾದರೂ ಕಂಡರೆ ಈ ತಾಯಿಯನ್ನೊಮ್ಮೆ ನೆನೆಯಿರಿ.