ಬ್ರಾಕೆಟ್ ಎಲ್ಲಿ ಹಾಕ್ತೀರಿ?

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡದವರಿಗೆ ಮೊದಲು ಎರಡು ಮಾತು. ಇದು ಮೇಜಿನ ಸುತ್ತ ಕೂತು, ಬಾಯಲ್ಲೇ ಕಥೆ ಕಟ್ಟುತ್ತಾ ಆಡುವ ಆಟ. ಕಥೆ ನಡೆಸುವವರಿಗೆ ಡಂಜನ್ ಮಾಸ್ಟರ್ ಅಂತಾರೆ. ಉಳಿದವರದ್ದು ಒಂದೊಂದು ಪಾತ್ರ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. 20 ಬಿತ್ತೋ, ಎದುರಾಳಿ ಎಂಥ ಕವಚ ತೊಟ್ಟಿದ್ದರೂ ಏಟು ಬಿದ್ದ ಹಾಗೇ. ಅದೂ ಅಂತಿಂಥ ಏಟಲ್ಲ, ಕ್ರಿಟಿಕಲ್ ಹಿಟ್. ಶೇ. 5ರಷ್ಟು ಸಾಧ್ಯತೆ.

ಜಗಳ ಶುರುವಾಗೋದು ಆಮೇಲೆ. ‘ಕ್ರಿಟ್ ಅಂದ್ರೆ ಡಬಲ್’ ಅಂತ ಎಲ್ಲರೂ ಹೇಳ್ತಾರೆ. ಯಾವುದು ಡಬಲ್? 2014ರ ಐದನೇ ಆವೃತ್ತಿಯ ಪ್ರಕಾರ ಏಟಿನ ದಾಳಗಳನ್ನು ಮಾತ್ರ ಎರಡು ಸಲ ಉರುಳಿಸಬೇಕು. ತೋಳ್ಬಲಕ್ಕೋ ಚುರುಕಿಗೋ ಕೂಡಿಸುವ ಅಂಕಿ ಒಂದೇ ಸಲ. ಆದರೆ ಕೆಲವು ಟೇಬಲ್ಲುಗಳಲ್ಲಿ ದಾಳ ಒಂದೇ ಸಲ ಉರುಳಿಸಿ, ಎಲ್ಲ ಕೂಡಿಸಿ, ಬಂದ ಮೊತ್ತವನ್ನೇ ಎರಡರಿಂದ ಗುಣಿಸ್ತಾರೆ. ನಾವು ಕೋಡ್ ಬರೆಯೋರ ಭಾಷೆಯಲ್ಲಿ ಹೇಳೋದಾದ್ರೆ, ಬ್ರಾಕೆಟ್ ಎಲ್ಲಿ ಹಾಕಬೇಕು ಅನ್ನೋದೇ ಪ್ರಶ್ನೆ.

ಪುಸ್ತಕಗಳೂ ಒಂದೇ ಮಾತಿಗೆ ನಿಂತಿಲ್ಲ. 1974ರಲ್ಲಿ ಡೇವ್ ಆರ್ನೆಸನ್ ಜೊತೆ ಈ ಆಟ ಹೊರತಂದ ಗ್ಯಾರಿ ಗೈಗ್ಯಾಕ್ಸ್‌ಗೆ ಕ್ರಿಟಿಕಲ್ ಹಿಟ್ಟೇ ಬೇಡವಾಗಿತ್ತು. 1979ರ ಮಾಸ್ಟರ್‌ಗಳ ಕೈಪಿಡಿಯಲ್ಲೇ ವಿರೋಧಿಸಿ ಬರೆದಿದ್ದ. 2000ರ ಮೂರನೇ ಆವೃತ್ತಿಯಲ್ಲಿ 20 ಬಿದ್ದರೂ ಸಾಲದು, ಖಾತ್ರಿಗೆ ಇನ್ನೊಮ್ಮೆ ದಾಳ ಹಾಕಬೇಕಿತ್ತು. 2008ರ ನಾಲ್ಕನೆಯದರಲ್ಲಿ ದಾಳದ ಅತಿ ದೊಡ್ಡ ಅಂಕಿಯನ್ನು ನೇರವಾಗಿ ತಗೊಂಡರೆ ಆಯ್ತು.

ನನಗೆ ಇದೇನು ಹೊಸದಲ್ಲ. ನಮ್ಮೂರ ಜಗಲಿಗಳಲ್ಲಿ ಚೌಕಾಬಾರ ಆಡಿ ಬೆಳೆದವನು ನಾನು. ನಾಲ್ಕೂ ಕವಡೆ ಒಂದೇ ಮಗ್ಗುಲಾಗಿ ಬಿದ್ದರೆ ಚೌಕ ಇಲ್ಲವೇ ಬಾರ, ಇನ್ನೊಂದು ಆಟ ಸಿಗುತ್ತೆ. ಅದೇ ನಮ್ಮ ಕ್ರಿಟ್. ಸತತ ಮೂರು ಸಲ ಬಿದ್ದರೆ? ನಮ್ಮ ಮನೇಲಿ ಮೂರೂ ಸತ್ತ ಹಾಗೆ, ಪಕ್ಕದ ಮನೇಲಿ ಮೂರೂ ಲೆಕ್ಕ. ಹಾಗಾಗಿ ಅಜ್ಜಿ ಬೇರೆ ಮನೆ ಮಕ್ಕಳು ಬಂದಾಗಲೆಲ್ಲ ಒಂದೇ ಮಾತು ಹೇಳೋರು: “ಕವಡೆ ಕೈಗೆ ತಗಳಕ್ ಮುಂಚೆ ಮಾತಾಡ್ಕಳ್ರೋ.”

ಬೆಂಗಳೂರಲ್ಲಿ ನಮ್ಮ ಶನಿವಾರದ ಟೇಬಲ್ಲಿಗೆ ನಾನೇ ಮಾಸ್ಟರ್. ಮೊದಲ ದಿನವೇ ಆಟಗಾರರೆಲ್ಲ ಸೇರಿ ಮೊತ್ತವನ್ನೇ ಡಬಲ್ ಮಾಡೋಣ ಅಂದ್ರು. “ರಾಕ್ಷಸರಿಗೂ ಅದೇ ನಿಯಮ, ನೆನಪಿರಲಿ” ಅಂದೆ. ಖುಷಿಯಿಂದ ಕೈ ಎತ್ತಿದರು.

ಮೂರನೇ ವಾರ ಒಂದು ಪುಟಗೋಸಿ ಗಾಬ್ಲಿನ್ 20 ಉರುಳಿಸಿತು. ಎದುರಿಗಿದ್ದದ್ದು ಗೆಳತಿಯೊಬ್ಬಳ ಮಂತ್ರವಾದಿ. ಹಿಟ್ ಪಾಯಿಂಟ್ ಪೂರ್ತಿ ಇದ್ದರೂ ಇದ್ದದ್ದು ಏಳೇ. ಸೊನ್ನೆಗೆ ಇಳಿದ ಮೇಲೂ ಮಿಕ್ಕ ಏಟು ಇನ್ನೊಂದು ಏಳಿದ್ದರೆ ಸ್ಥಳದಲ್ಲೇ ಸಾವು. ಅಂದ್ರೆ ಒಟ್ಟು 14. ಗಾಬ್ಲಿನ್ ಏಟು ಆರು ಮುಖದ ಒಂದು ದಾಳ, ಜೊತೆಗೆ 2. ಪುಸ್ತಕದ ನಿಯಮದಲ್ಲಿ 14 ಮುಟ್ಟೋಕೆ ಎರಡೂ ದಾಳದಲ್ಲಿ ಆರೇ ಬೀಳಬೇಕು: 36ಕ್ಕೆ ಒಂದು. ನಮ್ಮ ನಿಯಮದಲ್ಲಿ ಐದೋ ಆರೋ ಬಿದ್ದರೆ ಸಾಕು: ಮೂರಕ್ಕೆ ಒಂದು. ಬ್ರಾಕೆಟ್ ಒಂದರ ವ್ಯತ್ಯಾಸ ಅಷ್ಟು.

ಐದು ಬಿತ್ತು. ಐದು ಪ್ಲಸ್ ಎರಡು ಏಳು, ಏಳೆರಡ್ಲಿ ಹದಿನಾಲ್ಕು.

ಟೇಬಲ್ ಮೌನ. ಯಾರೋ ಮೆಲ್ಲಗೆ, “ಪುಸ್ತಕದ ಪ್ರಕಾರ ಇನ್ನೊಂದು ದಾಳ ಹಾಕೋಣ, ಆರು ಬಿದ್ರೂ ಹದಿಮೂರೇ ಆಗೋದು” ಅಂದ್ರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ಬಿಡೋಕೆ ಮುಂಚೆ ಅವಳೇ ಅಂದಳು: “ಬೇಡ. ರಿಸಲ್ಟ್ ಬಂದ್ಮೇಲೆ ರೂಲ್ ಬದಲಾಯಿಸೋದನ್ನ ಒಂದ್ಸಲ ನೋಡಿ ಸಾಕಾಗಿದೆ.”

ಅವಳ ಹಿಂದಿನ ಕಂಪನಿಯಲ್ಲಿ ವರ್ಷವಿಡೀ ಒಂದು ಅಳತೆ ಹೇಳಿ, ಅಪ್ರೈಸಲ್ ದಿನ ಇನ್ನೊಂದು ಅಳತೆ ತೋರಿಸಿ ಕೆಲಸದಿಂದ ತೆಗೆದಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಮತ್ಯಾರೂ ಪುಸ್ತಕ ತೆರೆಯಲಿಲ್ಲ. ಮಂತ್ರವಾದಿಯನ್ನು ಆ ಕಥೆಯ ಕಾಡಲ್ಲೇ ಮಣ್ಣು ಮಾಡಿದೆವು. ಮುಂದಿನ ಶನಿವಾರ, ಯಾರೂ ದಾಳ ಮುಟ್ಟೋಕೆ ಮುಂಚೆ, ಪುಸ್ತಕದ ನಿಯಮಕ್ಕೇ ವಾಪಸ್ ಬಂದ್ವಿ. ಹೊಸ ಪಾತ್ರ ಬರೆದುಕೊಂಡು ಬಂದಿದ್ದ ಅವಳೂ ಕೈ ಎತ್ತಿದಳು.

ನೀವೂ ಹೊಸದಾಗಿ ಆಡೋಕೆ ಕೂರೋದಾದ್ರೆ ಮೂರೇ ಮೂರು ಕೇಳ್ಕೊಳ್ಳಿ. ಡಬಲ್ ಆಗೋದು ದಾಳವೋ, ಮೊತ್ತವೋ? ರಾಕ್ಷಸರಿಗೂ ಅದೇನಾ? ಬೀಗ ತೆಗೆಯೋವಾಗ 20 ಬಿದ್ದರೂ ಕ್ರಿಟ್ಟೇನಾ? 2014ರ ಪುಸ್ತಕದಲ್ಲಿ ಅಲ್ಲ, ಏಟಿಗೆ ಮಾತ್ರ. ನಿಮ್ಮ ಟೇಬಲ್ಲು ಬೇರೆ ಉತ್ತರ ಕೊಟ್ಟರೂ ತೊಂದರೆಯಿಲ್ಲ. ದಾಳ ಇನ್ನೂ ಕೈಯಲ್ಲಿರುವಾಗಲೇ ಕೊಡಲಿ.