ಕಾಕ್‌ಪಿಟ್ಟಿನ ನೆರಳು

ವಿಮಾನ ಹಾರಿಸುವ ಗಣಕಯಂತ್ರದ ಆಟಗಳಲ್ಲಿ ನೆರಳು ಮೂಡುವ ರೀತಿ ಸ್ವಾರಸ್ಯಕರವಾದದ್ದು. ಯಂತ್ರವು ಮೊದಲು ಸೂರ್ಯನ ಕಡೆಯಿಂದ ದೃಶ್ಯವನ್ನು ನೋಡಿ, ಬೆಳಕಿಗೆ ಮೊದಲು ಅಡ್ಡಬರುವ ವಸ್ತುಗಳನ್ನು ನಕ್ಷೆಯಾಗಿ ಗುರುತಿಸಿಕೊಳ್ಳುತ್ತದೆ. ಅವುಗಳ ಹಿಂದಿರುವುದೆಲ್ಲ ನೆರಳು. ನಕ್ಷೆಯ ಚೌಕಗಳು ದೊಡ್ಡವಾದರೆ ಅಂಚು ಗರಗಸದಂತಾಗುತ್ತದೆ.

ಬೇಸಿಗೆ ರಜೆಗೆ ತಂಬೂರಿಗೆ ಬಂದ ಮೊಮ್ಮಗನಿಗೆ ಇದೇ ಚಿಂತೆ. ಹುಬ್ಬಳ್ಳಿಯಿಂದ ವಿಮಾನವನ್ನೇರಿಸುವಾಗ ಕಾಕ್‌ಪಿಟ್ಟಿನ ನೆರಳು ನಿಜವೆನಿಸುತ್ತಿರಲಿಲ್ಲ. ಗುಣಮಟ್ಟವನ್ನು ತುದಿಗೇರಿಸಿದೊಡನೆ ಅಂಚು ಬ್ಲೇಡಿನಿಂದ ಕೊಯ್ದಂತಾಯಿತು, ಅವನು ಹಿಗ್ಗಿದ. ನಾನು ಒಪ್ಪಲಿಲ್ಲ. ಸೂರ್ಯನೇನು ಚುಕ್ಕೆಯೇ? ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಕಿಟಕಿಯ ಕಂಬದಿಂದ ಒಂದು ಮೀಟರ್ ದೂರದಲ್ಲಿ ಬೀಳುವ ನೆರಳಿನ ಅಂಚು ಸುಮಾರು 9 ಮಿಲಿಮೀಟರಿನಷ್ಟು ಮಸುಕಾಗಿರಲೇಬೇಕು. (ನನ್ನ ವಿದ್ಯಾರ್ಥಿಗಳಿಗೆ ಪೂರ್ಣಛಾಯೆ, ಅರೆಛಾಯೆಗಳ ಚಿತ್ರ ನೆನಪಿರಬಹುದು!)

ಮಾತಿಗಿಂತ ಪ್ರಯೋಗ ಮೇಲೆಂದು ಅಂಗಳದಲ್ಲಿ ಕೋಲು ನೆಟ್ಟೆವು. ಹನ್ನೆರಡಕ್ಕೇ ಓಡಿಬಂದವನನ್ನು ಅರ್ಧ ಗಂಟೆ ಕಾಯಿಸಿದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು 75ರ ಆಸುಪಾಸಿನಲ್ಲಿ, ಡಿಗ್ರಿಗೆ ನಾಲ್ಕು ನಿಮಿಷ ತಡ. ಏಪ್ರಿಲ್ ಕೊನೆಯಾದ್ದರಿಂದ ಸೂರ್ಯ ನೆತ್ತಿಗೇ ಬಂದಿದ್ದ.

“ಅಜ್ಜಾ, ನೆರಳ ಎಲ್ಲಿ ಹೋತು?” ಎಂದ.